ಬೆಲ್ಟ್ ಹಿಡಿದಿತ್ತು

ಹನ್ನೊಂದನೇ ಮಹಡಿಯ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ತೂಗುಹಲಗೆಯ ಒಂದು ಕೊಂಡಿ ಕಳಚಿತು. ಹಲಗೆ ವಾಲಿ, ಮೇಲಿದ್ದ ಪೇಂಟರ್ ಜಾರಿಬಿದ್ದ. ಒಂದಾಳುದ್ದ ಕೆಳಗೆ ಹೋದವನು ಅಲ್ಲೇ ನಿಂತ. ಮೈಗೆ ಬಿಗಿದಿದ್ದ ಸೇಫ್ಟಿ ಬೆಲ್ಟ್ ಅವನನ್ನು ಹಿಡಿದಿತ್ತು.

ಅದರ ಹಗ್ಗವನ್ನು ತಾರಸಿಯ ಕಾಂಕ್ರೀಟ್ ತೊಲೆಯ ಕಬ್ಬಿಣದ ಬಳೆಗೆ ಸಿಕ್ಕಿಸಿದ್ದವನು ಮೇಸ್ತ್ರಿ, ಪೇಂಟರನ ಹೆಂಡತಿಯ ಅಣ್ಣ. ಕೈಗೆ ಸಿಕ್ಕ ನೀರಿನ ಪೈಪಿಗೆ ಸಿಕ್ಕಿಸಿ ಕೈತೊಳೆದುಕೊಳ್ಳುವ ಜಾಯಮಾನ ಅವನದಲ್ಲ. ದಿನಾ ಬೆಳಿಗ್ಗೆ ಬಳೆಯನ್ನು ಜಗ್ಗಿ ಜಗ್ಗಿ ನೋಡುತ್ತಿದ್ದ. ತಂಗಿಗೆ ಗಂಡು ನೋಡುವಾಗಲೂ ನೀವು ಇಷ್ಟು ಪರೀಕ್ಷೆ ಮಾಡಲಿಲ್ಲ ಎಂದು ಪೇಂಟರ್ ಅವನ ಕಾಲೆಳೆಯುತ್ತಿದ್ದ.

ಮೇಸ್ತ್ರಿ ಬಗ್ಗಿ ನೋಡಿದ. ತಂಗಿಯ ಗಂಡ ನೇತಾಡುತ್ತ ನಗುತ್ತಿದ್ದ. ಹೋದ ಜೀವ ಬಂದಂತಾಯಿತು.

ಆದರೆ ಮೇಲೆತ್ತುವುದು ಹೇಗೆ? ಅದನ್ನು ಯಾರೂ ಯೋಚಿಸಿರಲಿಲ್ಲ. ಮೂವರು ಸೇರಿ ಎಳೆದರೂ ಹಗ್ಗ ಗೋಡೆಯಂಚಿಗೆ ಕಚ್ಚಿಕೊಂಡು ಜಪ್ಪಯ್ಯ ಅನ್ನಲಿಲ್ಲ. ಆ ಕಡೆ ಕಿಟಕಿಯೂ ಇರಲಿಲ್ಲ. ಅಗ್ನಿಶಾಮಕದವರಿಗೆ ಫೋನ್ ಮಾಡಿ ಕಾದರು. ಪೇಂಟರ್ ಸ್ವಲ್ಪ ಹೊತ್ತು ತಮಾಷೆ ಮಾಡಿದ. ಆಮೇಲೆ ಅವನ ದನಿ ತಗ್ಗಿತು.

"ಭಾವ, ಕಾಲು ಜೋಮು ಹಿಡೀತಿದೆ. ಸ್ವಲ್ಪ ಆಡಿಸ್ಲಾ?"

"ಬೇಡ, ಅಲ್ಲಾಡಬೇಡ. ಹಗ್ಗ ಸವೆದ್ರೆ ಕಷ್ಟ. ಈಗ ಬಂದ್ಬಿಡ್ತಾರೆ."

ಹಿರಿಯರ ಮಾತು ಮೀರುವವನಲ್ಲ ಅವನು. ಕಾಲು ಅಲುಗಿಸಲಿಲ್ಲ. ಬರಬರುತ್ತ ಅವನ ತಲೆ ಎದೆಯ ಮೇಲೆ ಜೋತುಬಿತ್ತು. ನಲವತ್ತು ನಿಮಿಷದ ನಂತರ ಕೆಳಗಿಳಿಸಿದಾಗ ಉಸಿರಿರಲಿಲ್ಲ.

ಮೈಮೇಲೆ ಒಂದು ತರಚುಗಾಯವೂ ಇಲ್ಲ. ಹಾಗೆ ಅಲುಗಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತುಬಿಡುತ್ತದೆ, ಹೃದಯಕ್ಕೆ ವಾಪಸು ಬರುವುದಿಲ್ಲ ಎಂದು ಡಾಕ್ಟರು ಮೇಸ್ತ್ರಿಗೆ ವಿವರಿಸಿದರು. ಕಾಲಾಡಿಸುತ್ತಿರಬೇಕಿತ್ತಂತೆ. ಪಾದ ಊರಿ ನಿಲ್ಲಲು ಕುಣಿಕೆ ಹಾಕಿದ ಒಂದು ಹಗ್ಗ ಇಳಿಬಿಟ್ಟಿದ್ದರೂ ಉಳಿಯುವ ಸಂಭವವಿತ್ತಂತೆ.

ವಿಚಾರಣೆಗೆ ಬಂದವರು ಬೆಲ್ಟ್ ಗಟ್ಟಿಯಾಗಿದೆ, ಬಳೆ ಗಟ್ಟಿಯಾಗಿದೆ, ಮೇಸ್ತ್ರಿಯದೇನೂ ತಪ್ಪಿಲ್ಲ ಎಂದು ಬರೆದುಕೊಂಡು ಹೋದರು. ಮೇಸ್ತ್ರಿ ಮಾತ್ರ ನೇತಾಡುವವನನ್ನು ಇಳಿಸುವ ಏರ್ಪಾಡು ಆಗುವವರೆಗೂ ಒಬ್ಬನನ್ನೂ ಮೇಲೆ ಹತ್ತಿಸುವುದಿಲ್ಲ ಎಂದು ಪಟ್ಟುಹಿಡಿದ. ಎಂಜಿನಿಯರ್ ಎರಡು ದಿನ ಸಮಾಧಾನ ಹೇಳಿದ, ಮೂರನೇ ದಿನ ಬೇರೆ ಮೇಸ್ತ್ರಿಯನ್ನು ಕರೆಸಿದ. ಇವನನ್ನು ಬಣ್ಣದ ಡಬ್ಬಿ ಎಣಿಸಿಕೊಡುವ ಕೆಲಸಕ್ಕೆ ಹಾಕಿದರು.

ಒಂದು ಮಧ್ಯಾಹ್ನ ತಂಗಿ ಬಟ್ಟೆ ಮಡಚುತ್ತ ಕೇಳಿದಳು. "ಅಣ್ಣ, ಕೊನೇಲಿ ಅವರು ಏನಂದ್ರು?"

ನಿನ್ನ ಹೆಸರು ಹೇಳಿದ ಅನ್ನಬಹುದಿತ್ತು. ನಾಲಿಗೆ ಹೊರಳಲಿಲ್ಲ.

"ಕಾಲು ಆಡಿಸ್ಲಾ ಅಂದ. ನಾನೇ ಬೇಡ ಅಂದೆ. ಆಡಿಸಿದ್ದಿದ್ರೆ ಉಳೀತಿದ್ನೇನೋ."

ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಚಿ ಮುಗಿಸಿ ಒಳಗೆ ಹೋದಳು.

ಈಗಲೂ ವಾರಕ್ಕೊಮ್ಮೆ ಅವನು ಹೋಗಿಬರುತ್ತಾನೆ. ಅವಳು ಕುರ್ಚಿ ಎಳೆದು ಹಾಕುತ್ತಾಳೆ, ನೀರು ತಂದಿಡುತ್ತಾಳೆ. ಅಣ್ಣ ಎಂದು ಮಾತ್ರ ಕರೆಯುವುದಿಲ್ಲ.