ಧಾತ್ರಿಯ ಸಹಿ ಇದ್ದ ಪುಟ

ಅಂಧೇರಿಯ ಕಚೇರಿಯಲ್ಲಿ ಧಾತ್ರಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ವಿದರ್ಭದಿಂದ ಫೋನ್ ಬಂತು. ಮಾಡಿದವಳು ಪಾರ್ಬತಾಬಾಯಿ. ಹಿಂದಿನ ಬೇಸಿಗೆಯಲ್ಲಿ ಅಲ್ಲಿಯ ಕಣಿವೆಯ ನಲವತ್ತೊಂದು ಬಾವಿಗಳಿಗೆ ಟೇಪು ಇಳಿಸಿ ನೀರಿನ ಮಟ್ಟ ಅಳೆದಾಗ ಧಾತ್ರಿ ಎಂಟು ದಿನ ಉಳಿದದ್ದು ಅವಳ ಮನೆಯಲ್ಲೇ. ಕಣಿವೆಗೆ ಕಲ್ಲಿದ್ದಲ ಗಣಿ ಬರುವುದರ ಬಗ್ಗೆ ಊರವರ ಅಹವಾಲು ಸಭೆ ನಡೆದು, ಅಲ್ಲಿ ಧಾತ್ರಿಯ ಅಳತೆಯ ವರದಿ ಓದಿದರಂತೆ: ಬಾವಿಗಳಿಗೆ ಏನೂ ಆಗದು, ಬೇಸಿಗೆಯಲ್ಲಿ ನೀರು ಒಂದೆರಡು ಅಡಿ ಇಳಿದೀತು ಅಷ್ಟೆ. ಕೆಳಗೆ ಧಾತ್ರಿಯ ಹೆಸರು.

“ನನ್ನ ಬಾವಿಕಟ್ಟೆ ಮೇಲೆ ಕೂತು ನೀನೇ ಹೇಳಿದ್ದೆ, ಗಣಿ ಬಂದ್ರೆ ನಾಲ್ಕು ವರ್ಷಕ್ಕೆ ಒಣಗುತ್ತೆ ಅಂತ,” ಎಂದಳು ಅವಳು ಮರಾಠಿಯಲ್ಲಿ. “ಯಾವುದು ನಿಜ?”

ಧಾತ್ರಿ ಬರೆದದ್ದು ಬೇರೆಯೇ. ಗಣಿಯ ಗುಂಡಿಯಿಂದ ಹಗಲಿರುಳು ನೀರೆತ್ತಿದರೆ ಸುತ್ತಲಿನ ಅಂತರ್ಜಲವೆಲ್ಲ ಅತ್ತ ಜಾರುತ್ತದೆ, ಇಪ್ಪತ್ತಾರು ಬಾವಿ ಬತ್ತುತ್ತವೆ, ಅವುಗಳನ್ನು ನಂಬಿದ ಭತ್ತದ ಗದ್ದೆಗಳು ಪಾಳು ಬೀಳುತ್ತವೆ ಎಂದು ಬರೆದು ಸಹಿ ಹಾಕಿದ್ದಳು. ಕಚೇರಿಯ ಪ್ರತಿ ತೆಗೆದು ನೋಡಿದರೆ ಸಹಿಯ ಪುಟ ಹಾಗೇ ಉಳಿದು, ಒಳಗಿನ ಪುಟಗಳು ಬದಲಾಗಿದ್ದವು.

ಬದಲಿಸಿದವರು, ಗಣಿಯವರಿಗೆ ಇಂಥ ವರದಿ ಮಾಡಿಕೊಡುವ ಅವಳ ಕಂಪನಿಯ ಯಜಮಾನರಾದ ಜಯಸಿಂಹ. ಮೈಸೂರಿನಿಂದ ಬಂದ ಹೊಸದರಲ್ಲಿ ಅವಳಿಗೆ ಕೆಲಸ ಕೊಟ್ಟು, ಸಾಂತಾಕ್ರೂಜ್‌ನ ತಮ್ಮ ಬಿಲ್ಡಿಂಗಿನಲ್ಲೇ ಬಾಡಿಗೆ ಮನೆ ಹುಡುಕಿಕೊಟ್ಟವರು. ಅವಳ ಅಪ್ಪ ತೀರಿಕೊಂಡಾಗ ಮೈಸೂರಿನ ತನಕ ಜೊತೆಗೆ ಬಂದವರು. ಅವಳು ಕೇಳಿದಾಗ ಅವರು ಮುಚ್ಚಿಡಲಿಲ್ಲ. ಇದ್ದದ್ದನ್ನು ಬರೆದರೆ ಗಣಿಯವರು ಬೇರೆಯವರ ಹತ್ತಿರ ಹೋಗುತ್ತಾರೆ, ನಮ್ಮಲ್ಲಿ ಹದಿನೆಂಟು ಜನ ಇದ್ದಾರೆ ಎಂದರು. ನನ್ನ ಹೆಸರನ್ನಾದರೂ ತೆಗೆಯಿರಿ ಎಂದಳು ಧಾತ್ರಿ.

“ನಿನ್ನ ಹೆಸರು ತೆಗೆದ್ರೆ ಫೈಲೇ ನಿಲ್ಲಲ್ಲಮ್ಮ. ಸಹಿ ನಿಂದೇ ತಾನೆ? ಹೊರಗೆ ಹೋಗಿ ಹೇಳಿದ್ರೆ ಮೊದಲು ಹಿಡಿಯೋದು ನಿನ್ನನ್ನೇ,” ಎಂದರು ಅವರು ಮೆತ್ತಗೆ.

ಅದು ನಿಜವೇ. ಹನ್ನೊಂದು ದಿನ ಅವಳು ಬಾಯಿ ಬಿಡದೆ ಲೋಕಲ್ ರೈಲು ಹತ್ತಿ ಬಂದಳು, ಹೋದಳು. ಹನ್ನೆರಡನೆಯ ದಿನ ಅಂಧೇರಿಯಲ್ಲಿ ಇಳಿಯಲಿಲ್ಲ. ದಹಿಸರ್ ತನಕ ಹೋದಳು. ಅಲ್ಲಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅಳತೆಪುಸ್ತಕದ ಪುಟಗಳ ಫೋಟೊ ತೆಗೆದು, ವರದಿಯಲ್ಲಿರುವ ಅಂಕಿಗಳು ನನ್ನವಲ್ಲ ಎಂದು ಗಣಿಗೆ ಅನುಮತಿ ಕೊಡುವ ಮಂಜೂರಾತಿ ಸಮಿತಿಗೆ ಬರೆದು ಕಳಿಸಿದಳು. ಒಂದು ಪ್ರತಿಯನ್ನು ಪಾರ್ಬತಾಬಾಯಿಗೂ ಕಳಿಸಿದಳು.

ಸಮಿತಿ ಫೈಲನ್ನು ತಡೆಹಿಡಿಯಿತು, ತಿರಸ್ಕರಿಸಲಿಲ್ಲ. ಧಾತ್ರಿಗೆ ನೋಟಿಸು ಬಂತು: ಖುದ್ದಾಗಿ ಬಂದು ಹೇಳಿಕೆ ಕೊಡಬೇಕು, ಅಲ್ಲಿಯವರೆಗೆ ಯಾವ ವರದಿಗೂ ಸಹಿ ಹಾಕಕೂಡದು. ಕೆಲಸ ಹೋಯಿತು. ಬೇರೆ ಕಂಪನಿಗಳವರು ಅವಳ ಫೋನ್ ಎತ್ತುವುದನ್ನೇ ಬಿಟ್ಟರು.

ಹೇಳಿಕೆಯ ಹಿಂದಿನ ಸಂಜೆ ಜಯಸಿಂಹರ ಹೆಂಡತಿ ವಿಮಲಾ ಬಾಗಿಲಿಗೆ ಬಂದು ನಿಂತರು.

“ಅವರಿಗೆ ಊಟ ಸೇರ್ತಿಲ್ಲ ಕಣೆ. ನಾಳೆ ಅವರ ಹೆಸರು ಹೇಳಲೇಬೇಕಾ?”

ಧಾತ್ರಿ ಬಾಗಿಲನ್ನು ಪೂರ್ತಿ ತೆರೆದಳು. ಒಳಗೆ ಬನ್ನಿ ಆಂಟಿ ಎಂದಳು. ವಿಮಲಾ ಬೇಡವೆಂದು ತಲೆಯಾಡಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು.

ಮರುದಿನ ಪುಟ ಬದಲಿಸಿದವರು ಯಾರೆಂದು ಕೇಳಿದಾಗ ಧಾತ್ರಿ ಹೆಸರು ಹೇಳಿದಳು. ಸಹಿಯ ಪುಟವನ್ನು ಬಿಡಿಯಾಗಿ ಕೊಟ್ಟದ್ದು ತನ್ನ ತಪ್ಪು ಎಂದೂ ಹೇಳಿದಳು. ಎರಡನ್ನೂ ಬರೆದುಕೊಂಡರು. ಬಾವಿಗಳನ್ನು ಬೇರೆಯವರಿಂದ ಮತ್ತೆ ಅಳೆಸಬೇಕು, ಅದು ಮುಗಿಯುವ ತನಕ ಗಣಿಗೆ ಅನುಮತಿಯಿಲ್ಲ ಎಂದು ಆದೇಶವಾಯಿತು. ಕಣಿವೆಯಲ್ಲಿ ಆ ಮಳೆಗಾಲ ಎಂದಿನಂತೆ ಭತ್ತ ನಾಟಿ ಮಾಡಿದರು.

ಧಾತ್ರಿಯ ಮೇಲಿನ ವಿಚಾರಣೆ ಇನ್ನೂ ಮುಗಿದಿಲ್ಲ. ಬೇರೆ ಮನೆಯೂ ಸಿಕ್ಕಿಲ್ಲ. ಹೊರಗೆ ಜಯಸಿಂಹರ ಕೆಮ್ಮು ಕೇಳಿಸಿದರೆ ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಒಳಗೇ ನಿಲ್ಲುತ್ತಾಳೆ, ಅವರು ದಾಟಿ ಹೋಗುವ ತನಕ.