ಅಕ್ಕನ ಕೈ ಅಳತೆ

ಮನೆಯ ಹಿಂದಿನ ಶೆಡ್ಡಿನಲ್ಲಿ ಅಕ್ಕ ಹೇಳಿದ್ದೇ ಕಾಯಿದೆ. ಅಂಗಡಿಯಿಂದ ತಂದ ಯಾವ ಉಪಕರಣವೂ ಅವಳಿಗೆ ಹಾಗೇ ಒಗ್ಗದು. ಉಳಿಯ ಹಿಡಿ ಕೆತ್ತಬೇಕು, ಇಕ್ಕಳದ ಬಾಯಿ ಉಜ್ಜಬೇಕು, ಒಂದೊಂದು ಕೆಲಸಕ್ಕೂ ಮರವನ್ನು ಅಲುಗದಂತೆ ಹಿಡಿದುಕೊಡುವ ಒಂದೊಂದು ಜಿಗ್ ಮಾಡಿ ಗೋಡೆಗೆ ನೇತುಹಾಕಬೇಕು. ಕೊನೆಗೆ ತಾನೇ ಹಿಡಿದು ನೋಡಿ, "ಹಾಂ, ಬೆಣ್ಣೆ!" ಅಂದಳೋ, ಮುಗಿಯಿತು, ದೇವರೇ ಬಂದರೂ ತಿದ್ದುವಂತಿಲ್ಲ. ಅವುಗಳನ್ನು ಹಿಡಿದು ದಿನವಿಡೀ ಫೋಟೋ ಫ್ರೇಮಿನ ಪಟ್ಟಿ ಕೊಯ್ಯುವವನು ತಮ್ಮ. ಆಳು ನೋಡಿದರೆ ಬಾಗಿಲ ತುಂಬ, ಮಾತು ಮಾತ್ರ ಚಿಟಿಕೆಯಷ್ಟು.

ಸಣ್ಣ ಪಟ್ಟಿಯನ್ನು ಗರಗಸದ ಯಂತ್ರಕ್ಕೆ ಬರಿಗೈಯಲ್ಲಿ ತಳ್ಳುವುದುಂಟೇ? ಅದಕ್ಕೆಂದು ಅಕ್ಕ ಒಂದು ತಳ್ಳುಹಲಗೆ ಮಾಡಿದಳು. ಅದರಲ್ಲೊಂದು ಉದ್ದನೆಯ ತೂತು. ನಾಲ್ಕೂ ಬೆರಳು ತೂರಿಸಿ ಮುಷ್ಟಿ ಕಟ್ಟಿದರೆ ಬ್ಲೇಡಿಗೂ ಬೆರಳಿಗೂ ನಡುವೆ ಮರ ಅಡ್ಡ ನಿಲ್ಲುತ್ತದೆ.

"ಅಕ್ಕಾ, ತೂತು ಸ್ವಲ್ಪ ಬಿಗಿ ಆಯ್ತು," ಅಂದ ತಮ್ಮ.

"ತೂತು ಸರಿಯಾಗೇ ಇದೆ ಕಣೋ, ನಿನ್ನ ಬೆರಳೇ ಬಾಳೆಹಣ್ಣು. ಊಟ ಕಮ್ಮಿ ಮಾಡು, ತಾನಾಗೇ ಹಿಡಿಸುತ್ತೆ!"

ಬಾಗಿಲಲ್ಲಿ ನಿಂತಿದ್ದ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಮ್ಮನೂ ನಕ್ಕು ಕೆಲಸಕ್ಕೆ ಹೋದ.

ಕೆಲವು ತಿಂಗಳ ಮೇಲೆ ಒಂದು ದಿನ ಅವನ ಕೈ ಗರಗಸಕ್ಕೆ ಸಿಕ್ಕಿತು. ಆಸ್ಪತ್ರೆಯಿಂದ ಬಂದಾಗ ಅವನ ಬಲಗೈಯಲ್ಲಿ ಉಂಗುರದ ಬೆರಳೂ ಕಿರುಬೆರಳೂ ಇರಲಿಲ್ಲ. ಅಮ್ಮ ಅತ್ತಳು, ಅತ್ತು ಸಾಕಾದ ಮೇಲೆ ಬೈದಳು. "ಎಲ್ಲೋ ಇತ್ತು ನಿನ್ನ ಜ್ಞಾನ? ಅಕ್ಕ ಅಷ್ಟು ಕಷ್ಟಪಟ್ಟು ಮಾಡಿಕೊಟ್ಟಿದ್ಲಲ್ಲೋ!"

"ನಂದೇ ತಪ್ಪಮ್ಮಾ. ಕಣ್ಣು ಎತ್ಲಾಗೋ ಹೋಯ್ತು."

"ಹುಷಾರಾಗಿರಬಾರದಿತ್ತಾ?" ಅಂತ ಅಕ್ಕನೂ ತನ್ನದೊಂದು ಸೇರಿಸಿದಳು. ಹಾಳು ಬಾಯಿ, ಸುಮ್ಮನಿದ್ದರೆ ಆಗುತ್ತಿರಲಿಲ್ಲವೇ!

ಮರುದಿನ ಶೆಡ್ಡು ತೊಳೆಯಲು ಹೋದವಳ ಕೈಗೆ ಆ ಹಲಗೆ ಸಿಕ್ಕಿತು. ತೂತಿನೊಳಗೆ ಬೆವರಿನ ಕಪ್ಪು ಎರಡೇ ಬೆರಳಿನದು. ಇನ್ನೆರಡರ ಕಪ್ಪು ತೂತಿನ ಕೆಳಗೆ, ಹಲಗೆಯ ಹೊರಮೈಯಲ್ಲಿ, ಬ್ಲೇಡಿನ ಪಕ್ಕಕ್ಕೇ ಹತ್ತಿತ್ತು. ಅವಳು ತನ್ನ ಕೈ ತೂರಿಸಿ ನೋಡಿದಳು. ನಾಲ್ಕೂ ಬೆರಳು ಸಲೀಸಾಗಿ ಒಳಗೆ ಹೋದವು. ಅಳತೆ ತೆಗೆದದ್ದು ತನ್ನ ಕೈಗೆ. ಗೋಡೆಯ ಮೇಲಿನ ಅಷ್ಟೂ ಜಿಗ್ಗುಗಳು ತನ್ನ ಕೈಗೇ. ದುಡಿಯುತ್ತಿದ್ದದ್ದು ಮಾತ್ರ ಅವನ ಕೈ.

ಹಲಗೆಯನ್ನು ಸೀಳಿ ಒಲೆಗೆ ಹಾಕಿದಳು. ಹೇಳಿಬಿಡಬೇಕು ಅಂತ ಪ್ರತಿದಿನ ಬಾಯಿ ತೆರೆದಳು, ಪ್ರತಿದಿನ ಮುಚ್ಚಿಕೊಂಡಳು. ಹೇಳಿದರೆ ಇವನು ಮತ್ತೆ ತನ್ನನ್ನು ಅಕ್ಕಾ ಅಂತ ಕರೆದಾನೆಯೇ? ಅವನು ಎಡಗೈಯಲ್ಲಿ ಉಣ್ಣಲು ಪರದಾಡುವುದು, ಅಮ್ಮ ಗೊಣಗುವುದು, ಅವನು "ನಂದೇ ತಪ್ಪು" ಅನ್ನುವುದು ದಿನಾ ನಡೆದೇ ಇತ್ತು. ಅಕ್ಕ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ತಮ್ಮ ಶೆಡ್ಡಿಗೆ ಬಂದ. ಗೋಡೆಯ ಖಾಲಿ ಮೊಳೆ ನೋಡಿದ.

"ಆ ಹಲಗೆ ಎಲ್ಲಿ?"

"ಅದು... ಮುರಿದುಹೋಯ್ತು ಕಣೋ."

"ಒಳ್ಳೇದೇ ಆಯ್ತು ಬಿಡು." ಬೆಂಚಿನ ಮೇಲೆ ಒಂದು ಹಾಳೆ ಹರಡಿ, ಅದರ ಮೇಲೆ ಬಲಗೈ ಇಟ್ಟ. "ಹೊಸದು ಮಾಡು. ಈ ಸಲ ನನ್ನ ಕೈ ಅಳತೆ ತಗೋ ಅಕ್ಕಾ."

"ನಿಂಗೆ ಗೊತ್ತಿತ್ತೇನೋ?"

"ಮೊದಲ ದಿನವೇ ಹೇಳಿದ್ನಲ್ಲಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಅಕ್ಕ ಪೆನ್ಸಿಲ್ ತೆಗೆದುಕೊಂಡು ಮಣಿಕಟ್ಟಿನಿಂದ ಗೆರೆ ಎಳೆಯಲು ಶುರುಮಾಡಿದಳು. ಹೆಬ್ಬೆರಳು ಸುತ್ತಿದಳು, ತೋರುಬೆರಳು ಸುತ್ತಿದಳು. ನಡುಬೆರಳು ಸುತ್ತಿ ಕೆಳಗಿಳಿದ ಪೆನ್ಸಿಲ್ಲಿಗೆ ಮುಂದೆ ಸುತ್ತಲು ಏನೂ ಇರಲಿಲ್ಲ.