ತಟ್ಟೆ ನಿಲ್ಲುವ ತನಕ

ಲೋಟದೊಳಗಿನ ನೀರು ಇನ್ನೂ ನಿಂತಿಲ್ಲ, ಈಗಷ್ಟೇ ಯಾರೋ ಬಾಗಿಲು ಎಳೆದುಕೊಂಡು ಹೋದರಲ್ಲ, ಆ ಅದುರು ನೆಲ ಹಿಡಿದು ಬಂದು ಮೇಜಿನ ಕಾಲು ಹತ್ತಿ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳಾಗಿ ಸುತ್ತುತ್ತಿದೆ, ನಿಲ್ಲಲಿ, ನಿಂತ ಮೇಲೆ ಕುಡಿದರಾಯಿತು — ನಾನು ಕಾಯುವುದನ್ನು ನೋಡಿ ಅಣ್ಣ ಮೊಣಕೈಯಲ್ಲಿ ತಿವಿಯುತ್ತಾನೆ, ಕುಡಿಯೇ ಮೂಕಿ, ನೀರು ಕುಡಿಯೋ ಹಕ್ಕೂ ತಮ್ಮದೇ ಅಂತ ಈ ಕಂಪನಿಯವರು ಹೇಳೋಕೆ ಮುಂಚೆ ಕುಡಿದುಬಿಡು, ನಗಿಸಲೆಂದೇ ಹೇಳಿದ, ಅವನಿಗೇ ನಗು ಬರಲಿಲ್ಲ. ಮನೆಯಲ್ಲಿ ನನ್ನನ್ನು ಕರೆಯುವುದೇ ಹಾಗೆ, ಮೂಕಿ, ಮಾತು ಕಡಿಮೆ ಅಂತ, ಆದರೆ ಊರಿನ ಎಷ್ಟೋ ಅಂಗಡಿಗಳಲ್ಲಿ ದಿನವಿಡೀ ಮಾತಾಡುವುದು ನಾನೇ, ಮೇಜಿನ ಮೇಲೆ ನಮ್ಮಿಬ್ಬರ ನಡುವೆ ಕೂತಿದೆಯಲ್ಲ ಈ ತಕ್ಕಡಿ, ಇದರೊಳಗೆ ಇರುವುದು ನನ್ನ ಗಂಟಲು, ಕಣ್ಣು ಕಾಣದ ವ್ಯಾಪಾರಿಗಳಿಗೆಂದು ನಾವು ಮಾಡುವ ಮಾತಾಡುವ ತಕ್ಕಡಿ, ಸಾಮಾನು ಇಟ್ಟರೆ ತೂಕ ಹೇಳುತ್ತದೆ, ಅಷ್ಟೇ, ಮತ್ತೇನೂ ಬಾರದು ಅದಕ್ಕೆ. ಇದು ಸಂತೆಯಲ್ಲಿ ಈರುಳ್ಳಿ ಮಾರುವ ಅಜ್ಜನದು, ತಟ್ಟೆಯ ಅಡಿಯಲ್ಲಿ ಒಂದು ಸಿಪ್ಪೆ ಅಂಟಿಕೊಂಡೇ ಇದೆ, ಒಣಗಿ ಗಾಜಿನಂತಾಗಿದೆ, ತೆಗೆಯಬೇಕು ಅನ್ನಿಸಿತು, ತೆಗೆಯಲಿಲ್ಲ, ಈ ಕೋಣೆಗೆ ಬೇರೆ ಯಾವ ವಾಸನೆಯೂ ಇಲ್ಲ. ನಮ್ಮ ಕೆಲಸದ ಕೋಣೆಯಲ್ಲಾದರೆ ಕಣ್ಣು ಮುಚ್ಚಿ ಹೇಳಬಹುದು, ಇಲ್ಲಿ ಬೆಸುಗೆಯ ಹೊಗೆ, ಇಲ್ಲಿ ಲೇತಿನ ಎಣ್ಣೆ, ಇಲ್ಲಿ ಅಣ್ಣ ಆರಲು ಬಿಟ್ಟು ಮರೆತ ಚಹಾ. ಇಲ್ಲಿ ಏನು ಮಾಡುತ್ತಾರೆ ಅಂತ ಮೂಗಿಗೆ ಗೊತ್ತಾಗುವುದಿಲ್ಲ, ಕೆಳಗೆ ಬಾಗಿಲ ಮೇಲೆ ಒಂದರ ಕೆಳಗೊಂದು ಎಷ್ಟು ಕಂಪನಿಗಳ ಹೆಸರು, ಬಾಗಿಲು ಮಾತ್ರ ಒಂದೇ, ಒಳಗೆ ಒಂದು ಸ್ಕ್ರೂ ಇಲ್ಲ, ಒಂದು ಸುತ್ತಿಗೆ ಇಲ್ಲ, ಯಾರ ಉಗುರಿನಲ್ಲೂ ಕಪ್ಪಿಲ್ಲ.

ಎದುರಿಗೆ ಕೂತಿರುವ ಕಂಪನಿಯವನು ಬಾಯಿ ತೆರೆದ ಕೂಡಲೇ ನನಗೆ ಗೊತ್ತಾಯಿತು, ನಮಸ್ಕಾರ, ಟ್ರಾಫಿಕ್ ಜಾಸ್ತಿ ಇತ್ತಾ ಅಂದ, ಅಷ್ಟೇ, ಮುಖ ನೋಡಿದವಳಲ್ಲ ನಾನು, ಸ್ವರ ಮಾತ್ರ ಒಮ್ಮೆ ಕೇಳಿದರೆ ಸಾಕು — ಇದೇ ಸ್ವರ, ಫೋನಿನಲ್ಲಿ, ಅಣ್ಣನ ಎರಡೂ ಕೈ ಬೆಸುಗೆಯಲ್ಲಿದ್ದವು ಅಂತ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದ, ಸರ್ ನಿಮ್ಮ ತಕ್ಕಡಿ ನೋಡಿದೆ, ಅದ್ಭುತ ಸರ್, ಒಂದು ಸಣ್ಣ ಪ್ರಶ್ನೆ, ಸಾಮಾನು ಇಟ್ಟ ತಕ್ಷಣ ಹೇಳಲ್ಲವಲ್ಲ, ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಹೇಳುತ್ತಲ್ಲ, ಅದು ಹೇಗೆ ಸರ್. ಅಣ್ಣ ಹೂವಾಗಿಬಿಟ್ಟ. ಇಷ್ಟು ವರ್ಷಗಳಲ್ಲಿ ಬೆಲೆ ಕೇಳಿದವರಿದ್ದಾರೆ, ಬ್ಯಾಟರಿ ಎಷ್ಟು ದಿನ ಬರುತ್ತೆ ಅಂತ ಕೇಳಿದವರಿದ್ದಾರೆ, ಆ ಮೌನವನ್ನು ಕೇಳಿಸಿಕೊಂಡವರು ಯಾರಿದ್ದರು, ಅಣ್ಣ ಬೆಸುಗೆಯ ಕಡ್ಡಿ ಕೆಳಗಿಟ್ಟು ಶುರು ಮಾಡಿದ, ತಟ್ಟೆ ಅಲುಗಾಡೋದು ನಿಲ್ಲೋ ತನಕ ಕಾಯುತ್ತೆ ಸರ್, ನಿಂತ ಮೇಲೂ ಒಂದು ಉಸಿರು ಬಿಡುತ್ತೆ, ಆಮೇಲೇ ಬಾಯಿ ತೆಗೆಯೋದು, ಅದು ನನ್ನ ತಂಗಿಯ ತಲೆ ಸರ್, ನಂದಲ್ಲ — ಗೋಡೆಯ ಈಚೆ ಕೂತು ನನಗೂ ಮುಖ ಬೆಚ್ಚಗಾಗಿತ್ತು, ಹೇಳಲಿ ಅನ್ನಿಸಿತ್ತು, ಚಿತ್ರ ಬೇಕಾದರೆ ಬರೆದು ಕಳಿಸ್ತೀನಿ ಅಂದ ಅಣ್ಣ, ಕಳಿಸಿದ ಕೂಡ, ಅಳತೆ ಸಮೇತ, ಕೆಳಗೆ ಶುಭಾಶಯ ಬರೆದು. ಅದೇ ಚಿತ್ರ ಈಗ ನಮ್ಮ ಮೇಲಿನ ಸಾಕ್ಷಿಯಾಗಿ ಅವರ ಕಡತದಲ್ಲಿದೆ, ಮೂಲೆಯಲ್ಲಿ ನಮ್ಮ ಚಹಾ ಲೋಟದ ಉಂಗುರ. ಅಣ್ಣನಿಗೆ ಈ ಸ್ವರ ಗುರುತು ಸಿಕ್ಕಿಲ್ಲ, ಸಿಗದಿರಲಿ, ನಾನು ಹೇಳುವುದಿಲ್ಲ, ಗೊತ್ತಾದರೆ ಈ ಮೇಜು ಉಳಿಯುವುದಿಲ್ಲ.

ಸುಮ್ಮನಿರುವುದನ್ನು ನನಗೆ ಕಲಿಸಿದ್ದು ಅಪ್ಪ, ಕಲಿಸುತ್ತೇನೆ ಅಂತ ಕಲಿಸಿದ್ದಲ್ಲ, ಬೆಳಗ್ಗೆ ದೇವರ ಮುಂದೆ ಕೂತು ಪದ್ಯ ಹೇಳುತ್ತಿದ್ದರು, ನಾನು ಅವರ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ, ಪದ್ಯ ಕಿವಿಗೆ ಬರುವ ಮೊದಲು ಬೆನ್ನಿಗೆ ಬರುತ್ತಿತ್ತು, ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಆ ಬೆನ್ನು ಒಮ್ಮೆ ಅಗಲವಾಗುತ್ತಿತ್ತು, ಉಸಿರು ಒಳಗೆ ಹೋಗುವಾಗ, ಆಗ ಇಡೀ ಮನೆ ನಿಂತಂತೆ, ಅರ್ಥ ಆಗುತ್ತಿದ್ದದ್ದೇ ಆ ಖಾಲಿಯಲ್ಲಿ, ಸಾಲಿನಲ್ಲಲ್ಲ, ಒಂದು ದಿನ ಕೇಳಿದೆ, ಯಾಕಪ್ಪ ಅಲ್ಲಿ ನಿಲ್ಲಿಸ್ತೀರಿ, ಅಪ್ಪ ಅಂದರು, ನಾನು ನಿಲ್ಲಿಸಲ್ಲ ಮಗಳೇ, ಹೇಳಿದ್ದು ಅವನಿಗೆ ಮುಟ್ಟಲಿ ಅಂತ ದಾರಿ ಬಿಡ್ತೀನಿ. ನಮ್ಮ ಮೊದಲ ತಕ್ಕಡಿ ಬಾಯಿಬಡುಕಿ, ಸಾಮಾನು ಸೋಕಿದರೆ ಸಾಕು ಹರಟುತ್ತಿತ್ತು, ನೂರು ನೂರಾ ನಲವತ್ತು ತೊಂಬತ್ತು ನೂರಾ ಇಪ್ಪತ್ತು, ತಟ್ಟೆ ತೂಗಾಡಿದಷ್ಟು ಹೊತ್ತು ನನ್ನದೇ ಗಂಟಲು ಹುಚ್ಚು ಹಿಡಿದಂತೆ, ಅಣ್ಣ ಪರವಾಗಿಲ್ಲ ಬಿಡು ಜನಕ್ಕೆ ಪುರುಸೊತ್ತೆಲ್ಲಿದೆ ಅಂದ, ನಾನು ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ, ಆಮೇಲೆ ಅಪ್ಪನ ಬೆನ್ನು ನೆನಪಾಯಿತು, ತಟ್ಟೆ ನಿಲ್ಲುವ ತನಕ ಕಾಯಿ, ನಿಂತ ಮೇಲೆ ಒಂದು ಉಸಿರು ಬಿಡು, ಆಮೇಲೆ ಹೇಳು. ಅಷ್ಟನ್ನೇ ಅದಕ್ಕೆ ಕಲಿಸಿದೆ. ಈರುಳ್ಳಿ ಅಜ್ಜ ಮೊದಲ ಸಲ ತೂಗಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ, ತಟ್ಟೆ ನಿಂತಿತು, ಅಜ್ಜ ತಲೆ ಬಾಗಿಸಿ ಹೇಳಮ್ಮ ಅಂದರು, ತಕ್ಕಡಿ ಹೇಳಿತು, ಅಂದಿನಿಂದ ಪ್ರತಿ ಸಲವೂ ಆ ಖಾಲಿಯಲ್ಲಿ ಅವರದೊಂದು ಹೇಳಮ್ಮ, ಗಿರಾಕಿ ಹೆಬ್ಬೆರಳಿನಿಂದ ತಟ್ಟೆ ಎತ್ತಿ ಹಿಡಿದರೆ ತಕ್ಕಡಿ ಬಾಯಿ ಬಿಡುವುದಿಲ್ಲ, ಅಜ್ಜ ಮೆಲ್ಲಗೆ ನಗುತ್ತಾರೆ, ಕೈ ತೆಗೀರಿ ಸ್ವಾಮಿ, ನಮ್ಮ ಹುಡುಗಿಗೆ ಸಂಕೋಚ.

ಹೀಗೆ ಕಾದು ಹೇಳುವುದಕ್ಕೆ ಪೇಟೆಂಟಿದೆ ಅಂತೆ. ಎಂದೋ ಬಾಗಿಲು ಹಾಕಿದ ಯಾವುದೋ ಕಾರ್ಖಾನೆಯದು, ಅವರೂ ಅಂಥ ತಕ್ಕಡಿ ಮಾಡಿದವರಲ್ಲ, ಬರೆದು ಇಟ್ಟಿದ್ದರು ಅಷ್ಟೇ, ಸಾಲ ಕೊಟ್ಟವರು ಹರಾಜು ಹಾಕಿದಾಗ ಮೇಜು ಕುರ್ಚಿಯ ಜೊತೆ ಆ ಬರಹವನ್ನೂ ಇವರು ಕೊಂಡರು, ತೂಕವು ಸ್ಥಿರಗೊಂಡ ತರುವಾಯ ನಿಗದಿತ ಅವಧಿಯ ಮೌನ, ತದನಂತರ ಧ್ವನಿಯ ಮೂಲಕ ಪ್ರಕಟಣೆ, ನಮ್ಮ ವಕೀಲಮ್ಮ ಓದಿ ಹೇಳಿದಾಗ ನನಗೆ ಕೇಳಿಸಿದ್ದು ಒಂದೇ ಪದ, ನಿಗದಿತ, ಉಸಿರಿಗೆ ಬೇಲಿ ಹಾಕಿದ ಹಾಗೆ. ಅಪ್ಪ ಪದ್ಯ ಹೇಳುವಾಗ ಅದೇ ಇತ್ತಲ್ಲ ಅಂದೆ, ನಾನು ಬಾಯಿ ಬಿಟ್ಟದ್ದು ನೋಡಿ ಅಣ್ಣ ತಿರುಗಿದ, ವಕೀಲಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಅಕ್ಕ, ಮೊದಲೇ ಇತ್ತು ಅಂತ ತೋರಿಸಬೇಕಾದ್ರೆ ತಕ್ಕಡಿ ಬೇಕು, ದಿನಾಂಕ ಬೇಕು, ತಜ್ಞರು ಬೇಕು, ನಿಮ್ಮ ತಂದೆಯವರ ಉಸಿರಿಗೆ ದಿನಾಂಕ ನಾನೆಲ್ಲಿಂದ ತರಲಿ. ಹಾಗಾದ್ರೆ ನಾವು ಸೋಲ್ತೀವಾ ಅಂದ ಅಣ್ಣ. ಇಲ್ಲ, ಗೆಲ್ಲಬಹುದು, ಈ ಪೇಟೆಂಟು ನಿಲ್ಲೋದು ಕಷ್ಟ, ಆದ್ರೆ ಗೆಲ್ಲೋ ಹೊತ್ತಿಗೆ ನಿಮ್ಮ ಅಂಗಡಿ ಇರಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು, ಅವರ ವ್ಯಾಪಾರವೇ ಅದು. ಗುಂಡಿ ಒತ್ತಿದ ಮೇಲೆ ಹೇಳೋ ಹಾಗೆ ಮಾಡಿದ್ರೆ ಅಂದ ಅಣ್ಣ, ಗಂಟೆ ಬಾರಿಸಿ ಹೇಳಿದ್ರೆ, ವಕೀಲಮ್ಮ ಹಾಳೆ ತಿರುಗಿಸುತ್ತಾ ಹೋದರು, ಅದೂ ಇದರ ಹೊಟ್ಟೆಯೊಳಗಿದೆ, ಅದೂ ಇದೆ. ತಕ್ಕಡಿಗಿಷ್ಟು ಅಂತ ಅವರಿಗೆ ಹಕ್ಕಿನ ಹಣ ಕೊಟ್ಟು ಹೀಗೇ ಮಾಡ್ತಾ ಹೋಗಬಹುದು ಅಂದರು, ಆದರೆ ಒಂದೊಂದು ತಕ್ಕಡಿಗೂ ನಮಗೆ ಉಳಿಯುವುದಕ್ಕಿಂತ ಅದೇ ಹೆಚ್ಚು, ಚೆನ್ನಾಗಿದೆ ಅಂದ ಅಣ್ಣ, ತಕ್ಕಡಿ ಕೊಟ್ಟು ಮೇಲೆ ಕೈ ಮುಗಿದು ದಕ್ಷಿಣೆ ಬೇರೆ.

ಅಷ್ಟಾದರೂ ಅಣ್ಣ ಹೋರಾಡುತ್ತಿದ್ದನೇನೋ, ಲೇತು ಮಾರಿಯಾದರೂ, ಮನೆ ಮಾರಿಯಾದರೂ, ಹಟಮಾರಿ ಅವನು, ಆದರೆ ಅವರು ನಮ್ಮೊಬ್ಬರಿಗೇ ನಿಲ್ಲಿಸಲಿಲ್ಲ, ತಕ್ಕಡಿ ಬಳಸುವುದೂ ತಪ್ಪಂತೆ, ಮಾರುವವರಿಗೆ ನೋಟಿಸು ಹೋಯಿತು, ಹಣ್ಣಿನವರಿಗೆ, ಬೇಳೆಯವರಿಗೆ, ಮೊಳೆ ಮಾರುವ ಹೆಂಗಸಿಗೆ, ಒಬ್ಬೊಬ್ಬರಾಗಿ ತಕ್ಕಡಿ ತಂದು ನಮ್ಮ ಹೊಸ್ತಿಲ ಮೇಲೆ ಇಟ್ಟು ಹೋದರು, ಬೈಯದೆ, ಅದೇ ಕಷ್ಟ, ಅಣ್ಣ ರಾಜಿಗೆ ಒಪ್ಪಿದ. ಇವತ್ತು ಬೆಳಗ್ಗೆ ಈರುಳ್ಳಿ ಅಜ್ಜ ಕೋಲು ತಟ್ಟುತ್ತಾ ಬಂದರು, ಮೊಮ್ಮಗಳ ಹತ್ರ ಓದಿಸಿದೆ ತಾಯಿ, ನಾನು ಏನೋ ಕದ್ದಿದ್ದೀನಂತೆ, ಯಾರ ಹತ್ರ ಅಂತ ಕೇಳಿದ್ರೆ ಅವಳಿಗೂ ಗೊತ್ತಾಗಲಿಲ್ಲ, ಕಣ್ಣಿಲ್ಲದವನು ಕದಿಯೋಕೆ ಹೋದ್ರೆ ಸಿಕ್ಕಿಬೀಳಲ್ವಾ ಅಂತ ಅಂದೆ, ಅವಳು ನಗಲಿಲ್ಲ, ಅತ್ತಳು. ತಕ್ಕಡಿಯನ್ನು ಮಾತ್ರ ಹೊಸ್ತಿಲ ಮೇಲೆ ಇಡಲಿಲ್ಲ, ಇದನ್ನ ಬಿಟ್ಟುಕೊಡಲ್ಲ, ಸಂಜೆಯೊಳಗೆ ಸರಿ ಮಾಡಿ ಕೊಡು, ತಪ್ಪು ಯಾವುದಿದೆಯೋ ಅದನ್ನಷ್ಟೇ ತೆಗೆದು ಕೊಡು, ನಾಳೆ ಸಂತೆ, ತಕ್ಕಡಿ ಇಲ್ಲದೆ ಕೂತರೆ ಎಲ್ಲರೂ ನನಗೆ ತೂಕ ಹೇಳ್ತಾರೆ. ತಪ್ಪು ಯಾವುದಿದೆಯೋ ಅದನ್ನಷ್ಟೇ. ಅಣ್ಣನ ಕೈಲಾಗಲಿಲ್ಲ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ, ನಾನೇ ತೆಗೆದೆ, ದೇವರೇ, ಎಷ್ಟು ಸಣ್ಣದು ಅದು, ಒಂದೇ ಸಾಲು, ಕಲಿಸಲು ಮೂರು ದಿನ, ಅಳಿಸಲು ಒಂದು ಬೆರಳು, ಅಳಿಸಿ ಮುಚ್ಚಳ ಹಾಕಿ ತಿರುಪು ಬಿಗಿ ಮಾಡಿದೆ, ತೂಗಿ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ, ಇವರಿಗೆ ತೋರಿಸಿ ಸಂಜೆ ಅಜ್ಜನಿಗೆ ಕೊಡುವುದು ಅಂತ ಹಾಗೇ ಇಲ್ಲಿಗೆ ತಂದೆ.

ಮೇಡಂ ಇಲ್ಲಿ ಒಂದು ಸಹಿ, ಇಲ್ಲೊಂದು, ಮತ್ತೆ ಇಲ್ಲಿ, ಎದುರು ವಕೀಲರ ಬೆರಳು ಬಹಳ ಸ್ವಚ್ಛ, ಇದುವರೆಗೆ ಮಾರಿದ ತಕ್ಕಡಿಗಳಿಗೆಲ್ಲ ದಂಡ ನಮ್ಮ ಲೇತು ಮತ್ತು ಈ ವರ್ಷದ ದುಡಿಮೆ, ಮುಂದೆ ಯಾವ ತಕ್ಕಡಿ ರಿಪೇರಿಗೆ ಬಂದರೂ ಕಾಯುವುದನ್ನು ತೆಗೆದೇ ಕೊಡಬೇಕು, ಬದಲಿಗೆ ವ್ಯಾಪಾರಿಗಳ ಮೇಲಿನ ನೋಟಿಸು ವಾಪಸ್, ಆ ಕೊನೆಯ ಸಾಲಿಗಾಗಿ ಉಳಿದ ಸಾಲುಗಳು, ನಾನು ಬರೆಯುತ್ತೇನೆ, ಅಣ್ಣ ಬರೆಯುತ್ತಾನೆ, ಅವನ ಅಕ್ಷರ ಯಾವತ್ತೂ ಹೀಗೆ ಚಿಕ್ಕದಾಗಿ ಇದ್ದದ್ದಿಲ್ಲ. ಒಮ್ಮೆ ತೋರಿಸಿಬಿಡಿ, ನಿಯಮಕ್ಕೆ ಅಂತ ಅಷ್ಟೇ, ಅಂತಾನೆ ಕಂಪನಿಯವನು, ಫೋನಿನ ಅದೇ ಸಕ್ಕರೆ, ಏನಿಡೋದು ಅಂತ ಅತ್ತಿತ್ತ ನೋಡಿ ನನ್ನ ನೀರಿನ ಲೋಟ ಎತ್ತುತ್ತಾನೆ, ಇದಾಗುತ್ತಲ್ಲ, ತಟ್ಟೆಯ ಮೇಲೆ ಇಡುತ್ತಾನೆ, ನೀರು ಅಂಚಿಗೆ ಬಡಿದು ವಾಪಸಾಗುತ್ತದೆ, ತಟ್ಟೆ ಕೆಳಗೆ ಮೇಲೆ ಕೆಳಗೆ, ನನ್ನ ಗಂಟಲು ಶುರು ಮಾಡುತ್ತದೆ, ಇನ್ನೂರಾ ಅರವತ್ತು ಮುನ್ನೂರಾ ಹತ್ತು ಇನ್ನೂರಾ ಎಂಬತ್ತು ಮುನ್ನೂರು, ಸರಿಯಾಗಿದೆ ಅಂತಾನೆ, ಚೆನ್ನಾಗಿದೆ ಸ್ವರ, ಯಾರದು ಅಂತ ಕೇಳುತ್ತಾನೆ, ಅಣ್ಣ ನನ್ನ ಮುಖ ನೋಡುವುದಿಲ್ಲ, ವಕೀಲಮ್ಮ ಕಾಗದ ಜೋಡಿಸುತ್ತಾರೆ, ಇನ್ನೂರಾ ಎಪ್ಪತ್ತು ಮುನ್ನೂರಾ ಐದು, ನಾಳೆ ಸಂತೆಯಲ್ಲಿ ಗಿರಾಕಿ ತನಗೆ ಬೇಕಾದ ತೂಕ ಆರಿಸಿಕೊಳ್ಳುತ್ತಾನೆ, ಇದೇ ಸರಿ ಅಜ್ಜ, ಈಗ ಹೇಳಿತಲ್ಲ, ಅಂತಾನೆ, ಅಜ್ಜ ತಲೆ ಬಾಗಿಸುತ್ತಾರೆ, ಅವರ ಹೇಳಮ್ಮ ಬಾಯಿಗೆ ಬರುವ ಮುಂಚೆ ನಾನು ಹೇಳಿಬಿಟ್ಟಿರುತ್ತೇನೆ, ಒಂದಲ್ಲ, ನಾಲ್ಕು, ಐದು, ದಾರಿ ಬಿಡದೆ, ಅಪ್ಪಾ, ಬೆನ್ನು ಅಗಲವಾಗುತ್ತಿಲ್ಲ, ಇನ್ನೂರಾ ತೊಂಬತ್ತು ಮುನ್ನೂರು ಇನ್ನೂರಾ ಎಂಬತ್ತೈದು, ಲೋಟದೊಳಗೆ ನೀರು, ಲೋಟದ ಕೆಳಗೆ ತಟ್ಟೆ, ತಟ್ಟೆಯ ಕೆಳಗೆ ಆ ಸಿಪ್ಪೆ, ನಡುಗುತ್ತಿದೆ, ನಿಲ್ಲಲಿ, ನಿಂತ ಮೇಲೆ — ನೀರು ಇನ್ನೂ ನಿಂತಿಲ್ಲ, ತಟ್ಟೆ ಇನ್ನೂ ನಿಂತಿಲ್ಲ, ತಟ್ಟೆ ಇನ್ನೂ